ಮುದುಕಪ್ಪ ಸತ್ತದ್ದು ಹೇಗೆ

ಪಾರಮ್ಮ ಬಿಸಿನೀರಿನ ಕೊಡ ಎತ್ತಿ ಗಂಡನ ನೆತ್ತಿಯ ಮೇಲೆ ಇನ್ನೇನು ಬಗ್ಗಿಸಬೇಕು, ಅಷ್ಟರಲ್ಲಿ ಹಿಂದಿನಿಂದ ಒಂದು ಕೈ ಬಂದು ಕೊಡದ ಕಂಠ ಹಿಡಿಯಿತು.

“ತಡಿ ಪಾರಮ್ಮ. ನೀರು ಹಾಕಬ್ಯಾಡ.”

ಕರಿಬಸಪ್ಪ. ಪಂಚಾಯಿತಿ ಅಧ್ಯಕ್ಷಗಿರಿ ಕೈಬಿಟ್ಟು ವರ್ಷಗಳಾಗಿದ್ದರೂ ಊರಿನ ಬಾಯಲ್ಲಿ ಇನ್ನೂ ಅಧ್ಯಕ್ಷರೇ. ಮದುವೆಗೆ ಕರೆಯದಿದ್ದರೆ ಮುನಿಸಿಕೊಳ್ಳುವ, ಸಾವಿಗೆ ಯಾರೂ ಕರೆಯದೆಯೇ ಎಲ್ಲರಿಗಿಂತ ಮುಂಚೆ ಬಂದು ನಿಲ್ಲುವ ಆಸಾಮಿ.

ಅಂಗಳದಲ್ಲಿ ಮುದುಕಪ್ಪನನ್ನು ಮಣೆಯ ಮೇಲೆ ಕೂರಿಸಿದ್ದರು. ಹೆಣ ವಾಲದ ಹಾಗೆ ತಮ್ಮ ದ್ಯಾಮಣ್ಣ ಹಿಂದಿನಿಂದ ಎರಡೂ ತೋಳು ಹಿಡಿದಿದ್ದ. ಅಕ್ಕ ಅಮರಮ್ಮ ಎದೆಗೆ ಅರಿಶಿನ ಹಚ್ಚುತ್ತಿದ್ದಳು. ಹಣ್ಣಾದ ಮುದುಕಿ. ಎತ್ತಿ ಆಡಿಸಿದ ತಮ್ಮನ ಹೆಣಕ್ಕೆ ತಾನೇ ಅರಿಶಿನ ಹಚ್ಚುವ ಗತಿ ಬಂತಲ್ಲ ಅನ್ನುವ ಸಿಟ್ಟು ಮೊದಲೇ ಇತ್ತು, ಅದೆಲ್ಲ ಈಗ ಕರಿಬಸಪ್ಪನ ಕಡೆ ತಿರುಗಿತು.

“ಯಾಕೋ, ಸತ್ತವನ ಮೈಮ್ಯಾಲೆ ನೀರು ಹಾಕಾಕೂ ನಿನ್ನ ಅಪ್ಪಣಿ ಬೇಕೇನು?”

“ಅಪ್ಪಣಿ ಅಲ್ಲಬೇ ಯವ್ವಾ. ನಿಮ್ಮ ಮನಿಗೆ ಛಲೋ ಆಗೋ ಮಾತು ಐತಿ. ಪಾರಮ್ಮ, ಒಳಗ ಬಾ. ದ್ಯಾಮಣ್ಣ, ನೀನೂ ಬಾ.”

ದ್ಯಾಮಣ್ಣ ಹೆಣವನ್ನು ಪಕ್ಕದ ಮನೆಯವನ ಕೈಗೆ ಒಪ್ಪಿಸಿ ಕೂಡಲೇ ಎದ್ದ. ಕರೆಯುತ್ತಾರೆ ಅಂತ ಮೊದಲೇ ಗೊತ್ತಿದ್ದವನ ಹಾಗೆ ಎದ್ದದ್ದು ಪಾರಮ್ಮನ ಕಣ್ಣಿಗೆ ಬಿತ್ತು.

ಒಳಗೆ ಮಗಳು ರಂಜಿತಾ ಗೋಡೆಗೆ ತಲೆ ಆನಿಸಿ ಕೂತಿದ್ದಳು. ಗಂಗಾವತಿಯಲ್ಲಿ ನರ್ಸಿಂಗ್ ಓದುವ ಹುಡುಗಿ, ಸುದ್ದಿ ತಿಳಿದು ಸಿಕ್ಕ ಬಸ್ಸು ಹಿಡಿದು ಬಂದಿದ್ದಳು. ಕಾಲಿನ ಚಪ್ಪಲಿಯನ್ನೂ ಇನ್ನೂ ಬಿಟ್ಟಿರಲಿಲ್ಲ.

ಕರಿಬಸಪ್ಪ ಬಾಗಿಲು ಮುಂದಕ್ಕೆ ಎಳೆದ. “ಮುದುಕಪ್ಪ ಹೆಂಗ ಸತ್ತ?”

“ನಿಮಗ ಗೊತ್ತಿಲ್ಲೇನ್ರಿ? ಎದ್ದ, ಎಮ್ಮಿ ಹಿಂಡಿದ, ಚಾ ತಗೊಂಡು ಕಟ್ಟಿಮ್ಯಾಲೆ ಕುಂತ. ಕುಂತಾವ ಹಂಗ ವಾಲಿದ.”

“ಹಂಗಂದ್ರ ನಯಾಪೈಸೆ ಬರಂಗಿಲ್ಲ. ಹಿಂಗ ಹೇಳು. ಆಣಿಕಲ್ಲ ಮಳಿಗೆ ನೆಲ್ಲು ಹೋತು, ಪರಿಹಾರ ಬರಲಿಲ್ಲ, ಮನಸಿಗೆ ಹಚಿಗೊಂಡು ಎಣ್ಣಿ ಕುಡದ. ಮುಗೀತು. ರೈತ ಜೀವಾ ಕಳಕೊಂಡ ಅಂದ್ರ ಸರಕಾರ ಲಕ್ಷಗಟ್ಟಲೆ ಕೊಡ್ತೈತಿ.”

ಬೆಳೆಗೆ ಹೊಡೆಯುವ ವಿಷಕ್ಕೆ ಆ ಕಡೆ ಎಣ್ಣೆ ಅನ್ನುತ್ತಾರೆ. ಮುದುಕಪ್ಪನ ಮನೆಯಲ್ಲೂ ಸೂರಿನ ಸಂದಿಯಲ್ಲಿ ಅರ್ಧ ಬಾಟಲಿ ಇತ್ತು. ದ್ಯಾಮಣ್ಣ ಅದನ್ನು ಅಂಗಿಯೊಳಗಿಂದ ಹೊರಗೆ ತೆಗೆದ.

“ಬಾಯಾಗ ಒಂದೀಟು ಬಿಟ್ರ ಸಾಕಂತ ಯಕ್ಕ,” ಅಂದ, ನೆಲ ನೋಡುತ್ತ. “ವಾಸ್ನಿ ಬರಬೇಕಂತ.”

“ಉಳಿದದ್ದು ನನಗ ಬಿಡು,” ಕರಿಬಸಪ್ಪ ಮುಂದುವರಿಸಿದ. “ತಲಾಟಿಗೆ ಫೋನ್ ಹಚ್ತೀನಿ. ದವಾಖಾನ್ಯಾಗ ನಮ್ಮವರ ಅದಾರ. ಪೇಪರಿನವ್ರಿಗೂ ಹೇಳೀನಿ, ಬರ್ತಾರ. ನೀ ಅತಗೋತ ಕುಂದ್ರು, ಅಷ್ಟ. ನೀರು ಮಾತ್ರ ಹಾಕಬ್ಯಾಡ, ತೊಳದ ಹೆಣ ತೋರಿಸಿದ್ರ ಪೊಲೀಸ್ರು ಸಂಶೇ ಪಡ್ತಾರ.”

ಸತ್ತ ಎಮ್ಮೆ ಸೇರುಗಟ್ಟಲೆ ಹಾಲು ಕೊಡುತ್ತಿತ್ತು ಅನ್ನುವುದು ಊರ ಮಾತು. ಇವರು ಸತ್ತ ಎಮ್ಮೆಯನ್ನೇ ಹಿಂಡಲು ತಂಬಿಗೆ ಹಿಡಿದು ಬಂದಿದ್ದರು.

ಪಾರಮ್ಮ ಬಾಟಲಿಯನ್ನೇ ನೋಡುತ್ತ ನಿಂತಳು. ಕರಿಬಸಪ್ಪ ಆ ಮೌನವನ್ನು ಒಪ್ಪಿಗೆ ಅಂದುಕೊಂಡು ಫೋನು ಕಿವಿಗಿಟ್ಟು ಹೊರಗೆ ಹೋದ.

*

ಬೇಸಿಗೆಯ ಭತ್ತ ಕೊಯ್ಲಿಗೆ ಬಂದು ನಿಂತಿತ್ತು. ಒಂದು ಸಂಜೆ ನವಲಿಯ ದಿಕ್ಕಿನಿಂದ ಮೋಡ ಎದ್ದು ಆಲಿಕಲ್ಲು ಸುರಿಯಿತು. ಮಳೆ ನಿಂತ ಮೇಲೆ ನೋಡಿದರೆ ತೆನೆಯಲ್ಲಿ ಕಾಳೇ ಇಲ್ಲ, ಎಲ್ಲ ಕೆಸರಿನಲ್ಲಿ. ಮಾರನೆಯ ದಿನ ಪಂಚಾಯಿತಿಯ ಆಟೋ ಮೈಕು ಕಟ್ಟಿಕೊಂಡು ಬಂತು: ಸರ್ವೇ ಮಾಡುತ್ತಾರೆ, ಪರಿಹಾರ ಬರುತ್ತದೆ, ಅಲ್ಲಿಯವರೆಗೆ ಯಾರೂ ಗದ್ದೆ ಮುಟ್ಟಬೇಡಿ.

ಊರು ಮುಟ್ಟಲಿಲ್ಲ. ಸರ್ವೇಯವರೂ ಬರಲಿಲ್ಲ. ಬಿಸಿಲು ಬಿದ್ದು, ಮತ್ತೆ ಹನಿ ಬಿದ್ದು, ನೆಲದ ಮೇಲಿನ ಕಾಳು ಉಬ್ಬಿ ಬಿಳಿ ಮೊಳಕೆ ತೋರಿಸತೊಡಗಿತು.

ಮುದುಕಪ್ಪನಿಗೆ ಅದನ್ನು ನೋಡಲಾಗಲಿಲ್ಲ. ಅವನ ಜಾಯಮಾನವೇ ಹಾಗೆ. ಅವನು ಉಂಡ ತಾಟನ್ನು ತೊಳೆಯದೆಯೂ ಮುಚ್ಚಿಡಬಹುದಿತ್ತು. ರಸ್ತೆಯಲ್ಲಿ ಲಾರಿಯಿಂದ ಉದುರಿದ ಭತ್ತ ಕಂಡರೆ ಸೈಕಲ್ ನಿಲ್ಲಿಸಿ ಟವೆಲ್ಲಿಗೆ ಬಳಿದುಕೊಂಡು ಬಂದು ಕೋಳಿಗೆ ಹಾಕುವನು. ಊರಿನ ಹುಡುಗರು ‘ಇರುವಿ ಮುದುಕಪ್ಪ’ ಅಂತ ಹೆಸರಿಟ್ಟಿದ್ದರು. ಕರೆದರೆ ಹಲ್ಲು ಕಿರಿದು ಓಗೊಡುತ್ತಿದ್ದ.

“ಸರ್ವೇ ಆಗೋತನ ಮುಟ್ಟಬ್ಯಾಡೋ ಅಣ್ಣ,” ದ್ಯಾಮಣ್ಣ ಬದುವಿನ ಮೇಲೆ ನಿಂತು ಗೋಗರೆದಿದ್ದ.

“ನೆಲ್ಲಿಗೆ ಗೊತ್ತೈತೇನೋ ಸರ್ವೇ? ಮೊಳಕಿ ಒಡಿಯಾಕತ್ತೈತಿ ನೋಡು. ಅನ್ನ ಅದು. ಕೊಳೀಲಿ ಅಂತ ಕಾವಲು ಕಾಯಲೇನು?”

ಗಂಡ ಹೆಂಡತಿ ಇಬ್ಬರೂ ಇಳಿದರು. ಬಿದ್ದ ಹುಲ್ಲು ಕೊಯ್ದು ಎಮ್ಮೆಗೆ ಒಟ್ಟಿದರು. ಕಸಬರಿಗೆಯಿಂದ ಕಾಳು ಗುಡಿಸಿ, ಕೆಸರು ಸಮೇತ ಬುಟ್ಟಿಗೆ ತುಂಬಿ, ಕಾಲುವೆಯ ನೀರಿನಲ್ಲಿ ಅಲುಗಿಸಿ ತೊಳೆದರು. ಮಂಡಿಯೂರಿ ಗದ್ದೆ ಗುಡಿಸುವ ಗಂಡನನ್ನು ನೋಡಿ ಪಾರಮ್ಮನಿಗೆ ಆ ಸಂಕಟದಲ್ಲೂ ನಗು ಬಂದಿತ್ತು.

“ಮನ್ಯಾಗ ಒಂದಿನ ಕಸಬರಗಿ ಹಿಡದಾವಲ್ಲ. ಇಲ್ಲಿ ಗದ್ದಿ ಹುಡಗಾಕ ಬಂದ್ಯಾ?”

“ಗದ್ದಿ ನನ್ನ ಎರಡನೇ ಹೇಣ್ತಿ. ಆಕಿ ನಿನ್ನಂಗ ಬೈಯಂಗಿಲ್ಲ.”

ಕೈಗೆ ಬಂದದ್ದು ಒಂದೆರಡು ಚೀಲ. ಅದೂ ಕಪ್ಪು ಹತ್ತಿದ ಕಾಳು, ವ್ಯಾಪಾರಿ ಮೂಸಿ ನೋಡಿ ಕೋಳಿ ಫಾರಂಗೆ ಹಾಕು ಅಂದ.

ಆಮೇಲೆ ಬಂದ ತಲಾಟಿ ಶಾಂತಕುಮಾರ, ಊರಿನ ಗ್ರಾಮಲೆಕ್ಕಿಗ. ಹುದ್ದೆಗೆ ಸರ್ಕಾರ ಈಗ ಉದ್ದನೆಯ ಹೆಸರಿಟ್ಟಿದೆ, ಊರು ಮಾತ್ರ ತಲಾಟಿ ಅಂತಲೇ ಕರೆಯುತ್ತದೆ. ಬೈಕು ರಸ್ತೆಯಲ್ಲಿ ನಿಲ್ಲಿಸಿ, ಬದುವಿನ ಮೇಲೆ ನಿಂತು ಫೋನು ಎತ್ತಿದ.

“ಇದು ಕಟಾವು ಆಗೈತಲ್ಲ.”

“ಕಟಾವಲ್ರಿ ಸಾಹೇಬ್ರ. ಆಣಿಕಲ್ಲಿಗೆ ಬಿದ್ದದ್ದು ಬಳಕೊಂಡೀವಿ. ಕೆಳಗಿಳದು ನೋಡ್ರಿ, ಇನ್ನೂ ಕಾಳು ಅದಾವ.”

“ಬಳಕೊಂಡದ್ದು ಅಂತ ಆ್ಯಪಿನಾಗ ಇಲ್ಲಜ್ಜ. ಬೆಳಿ ಹಾಳಾಗೈತಿ, ಇಲ್ಲಾ ಕಟಾವಾಗೈತಿ. ಎರಡ ಅದಾವ.”

ಫೋಟೋ ತೆಗೆದ, ಹೋದ. ಕೊಳೆಯಲು ಬಿಟ್ಟ ದ್ಯಾಮಣ್ಣನಿಗೆ ಪರಿಹಾರ ಬಂತು. ಕರಿಬಸಪ್ಪ ಆ ವರ್ಷ ಬಿತ್ತದೇ ಬಿಟ್ಟಿದ್ದ ಗದ್ದೆಯಲ್ಲಿ ಆಪಿನ ಕಳೆ ಬೆಳೆದು ಮಳೆಗೆ ಮಲಗಿತ್ತು, ಫೋಟೋದಲ್ಲಿ ಅದು ಭತ್ತದ ಹಾಗೆಯೇ ಕಂಡು ಅವನಿಗೂ ಬಂತು. ಅನ್ನ ಉಳಿಸಿದವನಿಗೆ ಬರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಈ ಪೂಜಾರಿ ಕೊಟ್ಟ, ಆದರೆ ಕಳೆಗೆ ಕೊಟ್ಟ.

*

“ಪೋಸ್ಟ್‌ಮಾರ್ಟಮ್ಮಿನಾಗ ಏನ್ ಮಾಡ್ತಾರ?” ಪಾರಮ್ಮ ಮಗಳನ್ನು ಕೇಳಿದಳು.

ರಂಜಿತಾ ಕುತ್ತಿಗೆಯ ಬುಡದಿಂದ ಕಿಬ್ಬೊಟ್ಟೆಯವರೆಗೆ ಬೆರಳು ಎಳೆದು ತೋರಿಸಿದಳು. “ಇಲ್ಲಿಂದ ಇಲ್ಲಿತನ ಕೊಯ್ತಾರವ್ವ. ಹೊಟ್ಯಾಗಿಂದು ತಗದು ಶೀಶೆದಾಗ ಹಾಕಿ ಕಳಸ್ತಾರ. ಬಾಯಾಗ ಬಿಟ್ರ ಹೊಟ್ಟಿಗೆ ಹೋಗಂಗಿಲ್ಲ. ಸುಳ್ಳು ಅಂತ ಗೊತ್ತಾಗ್ತೈತಿ.”

“ಗೊತ್ತಾಗದಂಗ ಬರೀತಾರಂತ,” ದ್ಯಾಮಣ್ಣ ಅಂದ. “ಅಧ್ಯಕ್ಷರು ಮಾತಾಡ್ಯಾರ.”

“ನೀ ಏನಂತಿ?” ಪಾರಮ್ಮ ಮಗಳ ಮುಖವನ್ನೇ ನೋಡಿದಳು.

ರಂಜಿತಾ ಬಗ್ಗಿ ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟಳು. “ರೊಕ್ಕ ಬ್ಯಾಡ ಅನ್ನಾಕ ನನಗ ಬಾಯಿ ಬರವಲ್ದು ಬೇ. ಇನ್ನೊಂದು ವರ್ಷದ ಫೀಸ್ ಐತಿ. ಹ್ಞೂ ಅನ್ನಾಕೂ ಬರವಲ್ದು. ಅಪ್ಪನ್ನ ಕೊಯ್ಯೋದು ನೋಡಾಕ ಆಗಂಗಿಲ್ಲ ನನಗ.”

“ಅದು ಅಣ್ಣಗ ಬರಬೇಕಾದ ರೊಕ್ಕ ಯಕ್ಕ!” ದ್ಯಾಮಣ್ಣನ ದನಿ ಒಮ್ಮೆಗೇ ಒಡೆಯಿತು. “ಸೀದಾ ಕೇಳಿದ, ಕೊಡಲಿಲ್ಲ. ಈಗ ಅಡ್ಡದಾರಿಲೆ ಬರ್ತೈತಿ, ಬರ್ಲಿ. ನನಗ ಬಂತು, ಅವಗ ಬರಲಿಲ್ಲ. ಅವನ ಮುಂದ ಕುಂತು ಉಣ್ಣಾಕ ನಾಚಿಕಿ ಆಗ್ತಿತ್ತು ನನಗ.”

ಪಾರಮ್ಮನಿಗೆ ಆಸೆಯಾಗಲಿಲ್ಲ ಅಂದರೆ ಸುಳ್ಳಾದೀತು. ಆಸೆಯಾಯಿತು. ಮಗಳ ಓದು ಮುಗಿಯುತ್ತದೆ, ಬಿಳಿ ಬಟ್ಟೆ ಹಾಕಿ ದವಾಖಾನೆಯಲ್ಲಿ ಓಡಾಡುತ್ತಾಳೆ. ಸತ್ತವನಿಗೆ ಹೇಗೂ ನೋವಿಲ್ಲ. ಹೀಗೆ ಲೆಕ್ಕ ಹಾಕುತ್ತಿರುವ ತನ್ನ ಮೇಲೆಯೇ ಅವಳಿಗೆ ರೋಷ ಬಂತು. ಹೊರಗೆ ಗಂಡ ಅರ್ಧ ಮೈಗೆ ಅರಿಶಿನ ಹಚ್ಚಿಸಿಕೊಂಡು, ಬಿಸಿಲಿನಲ್ಲಿ, ಯಾರದೋ ಕೈಯ ಆಸರೆಯಲ್ಲಿ ಕೂತಿದ್ದ. ಬದುಕಿದ್ದಾಗಲೂ ತಾಲೂಕು ಕಚೇರಿಯವರು ಅವನನ್ನು ಹೀಗೆಯೇ ಕೂರಿಸಿದ್ದರು.

*

ತಾಲೂಕು ಕಚೇರಿಗೆ ಆ ದಿನ ಅವಳೂ ಜೊತೆಗೆ ಹೋಗಿದ್ದಳು. ಮುದುಕಪ್ಪ ಕಪ್ಪು ಹತ್ತಿದ ಕಾಳನ್ನು ಟವೆಲ್ಲಿನಲ್ಲಿ ಗಂಟು ಕಟ್ಟಿ ತಂದಿದ್ದ. ನೋಡಿದರೆ ಯಾರಿಗಾದರೂ ತಿಳಿಯುತ್ತದೆ ಅನ್ನುವುದು ಅವನ ನಂಬಿಕೆ. ಬೆಳಗಿನಿಂದ ವರಾಂಡದಲ್ಲಿ ಕೂತು ಮಧ್ಯಾಹ್ನ ಒಳಗೆ ಹೋದರೆ, ಮೇಜಿನ ಹಿಂದಿನವನು ಗಂಟಿನ ಕಡೆ ಕಣ್ಣೆತ್ತಲಿಲ್ಲ. ಕಂಪ್ಯೂಟರ್ ನೋಡಿ ನಕ್ಕ.

“ಕಟಾವು ಮಾಡಿ ಮಾರ್ಕೊಂಡು, ಈಗ ಪರಿಹಾರಕ್ಕ ಬಂದೀ? ಇಷ್ಟು ವಯಸ್ಸಾಗೈತಿ, ಸುಳ್ಳು ಹೇಳಾಕ ನಾಚಿಕಿ ಆಗಂಗಿಲ್ಲ?”

ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡಿದರು. ಶಾಂತಕುಮಾರ ಅಲ್ಲೇ ಕಪಾಟಿನ ಹತ್ತಿರ ನಿಂತಿದ್ದ. ಮುದುಕಪ್ಪನಿಗೆ ಹೋದ ಜೀವ ಬಂದಂತಾಯಿತು.

“ಸಾಹೇಬ್ರ, ನೀವು ಬಂದು ನೋಡೀರಲ್ಲ. ಹೇಳ್ರಿ ಇವ್ರಿಗೆ.”

ಶಾಂತಕುಮಾರ ಕೈಯಲ್ಲಿದ್ದ ಫೋನು ನೋಡಿಕೊಂಡ. “ಫೋಟೋದಾಗ ಏನೈತಿ, ಅದ ಐತಿ.”

ಬಸ್ಸಿನಲ್ಲಿ ಮುದುಕಪ್ಪ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಮನೆಗೆ ಬಂದು ಗಂಟು ಬಿಚ್ಚಿ ಕೋಳಿಗೆ ಚೆಲ್ಲಿದ. ಆಮೇಲೆ ದಿನಗಟ್ಟಲೆ ಒಂದೇ ಮಾತು, ಉಣ್ಣುವಾಗ, ಎಮ್ಮೆ ತೊಳೆಯುವಾಗ, ನಿದ್ದೆ ಬಾರದೆ ಮಗ್ಗುಲು ಬದಲಿಸುವಾಗ.

“ಕೊಡಂಗಿಲ್ಲ ಅಂದಿದ್ರ ಬರ್ತಿದ್ನಲ್ಲ ಪಾರಿ. ಸುಳ್ಳ ಅಂತ ಯಾಕ ಅನಬೇಕಿತ್ತು? ಅಷ್ಟು ಮಂದಿ ಮುಂದ?”

ಗುಡಿಯ ಕಟ್ಟೆಗೆ ಹೋಗುವುದನ್ನು ಬಿಟ್ಟ. ಹುಡುಗರು ‘ಇರುವಿ ಮುದುಕಪ್ಪ’ ಅಂದರೆ ಓಗೊಡುವುದನ್ನೂ ಬಿಟ್ಟ.

*

ಪಾರಮ್ಮ ದ್ಯಾಮಣ್ಣನ ಕೈಯಿಂದ ಬಾಟಲಿ ಕಸಿದುಕೊಂಡಳು. ಹೊರಗೆ ಬಂದು, ಎಲ್ಲರೂ ನೋಡುತ್ತಿರುವಂತೆ ಮುಚ್ಚಳ ತಿರುವಿ, ನೀರು ಕಾಯಿಸಿದ ಒಲೆಯ ಪಕ್ಕದ ಬೂದಿಗುಂಡಿಗೆ ಸುರಿದಳು. ಘಾಟು ಅಂಗಳ ತುಂಬಿತು. ಕೈ ತೊಳೆದುಕೊಂಡು ಕೊಡ ಎತ್ತಿದಳು.

“ಏ ಪಾರಮ್ಮ! ಹುಚ್ಚು ಹಿಡದೈತೇನು ನಿನಗ?” ಕರಿಬಸಪ್ಪ ಫೋನು ಕಿವಿಯಿಂದ ತೆಗೆದು ಓಡಿಬಂದ. “ಬಂದ ಲಕ್ಷ್ಮೀನ ಒದೀಬ್ಯಾಡ. ಮಾತಾಡಿಬಿಟ್ಟೀನಿ ನಾನು ಎಲ್ಲಾ ಕಡೆ!”

“ಯಾರನ್ನ ಕೇಳಿ ಮಾತಾಡಿದ್ರಿ?” ಅವಳ ದನಿ ಅಂಗಳದಾಚೆ ರಸ್ತೆಯವರೆಗೆ ಹೋಯಿತು. “ಅವ ಇದ್ದಾಗ ಖರೇ ಹೇಳಿದ, ಸುಳ್ಳು ಅಂದ್ರಿ. ಸತ್ತಮ್ಯಾಲೆ ಅವನ ಬಾಯಾಗ ಸುಳ್ಳು ಹಾಕಿ ಖರೇ ಅಂತೀರಿ. ಖರೇನೂ ನಿಮ್ಮ ಕೈಯಾಗ, ಸುಳ್ಳೂ ನಿಮ್ಮ ಕೈಯಾಗ. ನಮ್ಮ ಕೈಯಾಗ ಏನೈತಿ? ಈ ಕೊಡ ಐತಿ. ಸರೀರಿ ಅತ್ಲಾಗ.”

ನೀರು ಸುರಿದಳು. ಕರಿಬಸಪ್ಪನ ಇಸ್ತ್ರಿ ಪಂಚೆಗೂ ಸಿಡಿಯಿತು. ಅಮರಮ್ಮ ಅರಿಶಿನದ ಬಟ್ಟಲು ಎಳೆದುಕೊಂಡು, “ಹಂಗ ಹೇಳು ನನ್ನ ಮಗಳ,” ಅಂತ ತಮ್ಮನ ಬೆನ್ನು ತಿಕ್ಕತೊಡಗಿದಳು. ಬರುವಾಗ ಅಳು ನುಂಗಿಕೊಂಡಿದ್ದ ಮುದುಕಿ ಈಗ ಗಟ್ಟಿಯಾಗಿ ಅತ್ತಳು.

*

ಕುಣಿ ತೋಡಿದ್ದು ಮುದುಕಪ್ಪನದೇ ಗದ್ದೆಯ ಮೂಲೆಯ ದಿಬ್ಬದಲ್ಲಿ. ಸುತ್ತ ಹೊಸದಾಗಿ ನಾಟಿ ಮಾಡಿದ ಸಸಿ. ಬೆಳಗಿನ ಜಿನುಗಿಗೆ ಮಣ್ಣೆಲ್ಲ ಅಂಟಂಟು. ಹಲಗೆ ಬಾರಿಸುತ್ತ ಹೆಣ ತಂದು ಇಳಿಸಿದರು. ಆ ಊರಿನಲ್ಲಿ ಕುಣಿಯ ತನಕ ಬಂದವರು, ಹೆಂಗಸರಿರಲಿ ಗಂಡಸರಿರಲಿ, ಬಲಗೈಯಿಂದ ಒಂದೊಂದು ಹಿಡಿ ಮಣ್ಣು ಕೊಟ್ಟ ಮೇಲೆಯೇ ಸಲಿಕೆ ಹಾಕುವುದು. ಒಬ್ಬರು ಉಳಿದರೂ ಸಲಿಕೆ ಕಾಯಬೇಕು. ಮಣ್ಣು ಕೊಟ್ಟವರು ಆ ಸಾವನ್ನು ಒಪ್ಪಿದ ಹಾಗೆ, ಆಮೇಲೆ ಅದರ ಮೇಲೆ ಪಂಚಾಯ್ತಿ ಇಲ್ಲ.

ಅಮರಮ್ಮ ಕೊಟ್ಟಳು, ರಂಜಿತಾ ಕೊಟ್ಟಳು. ಅಷ್ಟರಲ್ಲಿ ರಸ್ತೆಯಲ್ಲಿ ಬೈಕು ನಿಂತಿತು. ಕರಿಬಸಪ್ಪ ಬದುವಿನ ಮೇಲೆಯೇ ಉಳಿದ. ಶಾಂತಕುಮಾರ ಪ್ಯಾಂಟು ಮಡಚಿಕೊಂಡು, ಸಸಿ ತುಳಿಯುತ್ತ ನೇರ ಕುಣಿಯ ತನಕ ಬಂದ. ಬೆಳೆ ನೋಡಲು ಗದ್ದೆಗೆ ಇಳಿಯದ ಕಾಲು ಹೆಣ ನೋಡಲು ಇಳಿಯಿತು.

“ನಿಲ್ಲಸ್ರಿ ಸ್ವಲ್ಪ,” ಅಂದ. “ಎಣ್ಣಿ ತಗೊಂಡಾನ, ಸಂಶೇ ಐತಿ ಅಂತ ಫೋನ್ ಬಂದೈತಿ. ನಾ ಫೋಟೋ ತಗದು ಮ್ಯಾಲೆ ಕಳಸ್ತೀನಿ. ಅವ್ರು ಹೇಳೋತನ ಮುಚ್ಚಬ್ಯಾಡ್ರಿ.”

ಹಲಗೆ ನಿಂತಿತು. ಪಾರಮ್ಮ ಅವನ ಎದುರಿಗೆ ಬಂದಳು.

“ಹೆಂಗ ಸತ್ತ ಅಂತ ಬರೀತೀರಿ ಸಾಹೇಬ್ರ?”

“ಅದು... ಮನಿಯವರು ಏನು ಹೇಳ್ತಾರ, ಅದನ್ನ.”

“ಮನಿಯಾಕಿ ನಾನು. ದಮ್ಮು ಮುಗದು ಸತ್ತ ಅಂತೀನಿ. ನಂಬಿಕಿ ಇಲ್ಲಾ? ಇಳೀರಿ ಕುಣ್ಯಾಗ. ಬಾಯಿ ಮೂಸಿ ನೋಡ್ರಿ, ಎಣ್ಣಿ ವಾಸ್ನಿ ಐತೋ, ಅರಿಶಿನದ ವಾಸ್ನಿ ಐತೋ. ಮ್ಯಾಲೆ ನಿಂತು ಫೋಟೋ ಹೊಡದು ನಮ್ಮ ಮನಿತನಾನ ಸುಳ್ಳು ಮಾಡಿದ್ರಿ. ಇವತ್ತು ಇಳೀರಿ!”

ಶಾಂತಕುಮಾರ ಇಳಿಯಲಿಲ್ಲ. ಬದುವಿನ ಕಡೆ ನೋಡಿದ. ಕರಿಬಸಪ್ಪ ಅಲ್ಲಿಂದಲೇ ಕೂಗಿದ: “ದ್ಯಾಮಣ್ಣ, ನೀನಾರ ಹೇಳಲೇ!”

ದ್ಯಾಮಣ್ಣ ಬಗ್ಗಿ ಬಲಗೈ ತುಂಬ ಮಣ್ಣು ಹಿಡಿದ.

“ನಮ್ಮಣ್ಣ ಎಣ್ಣಿ ಕುಡದಿಲ್ರಿ. ಸೂರಿನಾಗಿನ ಬಾಟಲಿ ಇಳಿಸಿದಾವ ನಾನು. ಬರಕೋಳ್ರಿ ಬೇಕಂದ್ರ.” ಮಣ್ಣು ಕೊಟ್ಟು, ಹಿಂದೆ ಸರಿದು, ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ.

ಆಮೇಲೆ ಯಾರೂ ಯಾರ ಅಪ್ಪಣೆಗೂ ಕಾಯಲಿಲ್ಲ. ಒಬ್ಬರ ಹಿಂದೆ ಒಬ್ಬರು ಬಂದು ಕೊಟ್ಟರು. ಪಕ್ಕದ ಗದ್ದೆಯ ಶಾನವಾಜ ಕೊಟ್ಟ, ಹಲಗೆಯವರು ಕೊಟ್ಟರು, ಇರುವಿ ಅಂತ ಕರೆಯುತ್ತಿದ್ದ ಹುಡುಗರೂ ಕೊಟ್ಟರು. ಪಾರಮ್ಮ ಕೊಟ್ಟಳು. ಕುಣಿಯ ಹತ್ತಿರ ಬಂದು ಮಣ್ಣು ಕೊಡದೆ ನಿಂತವನು ಶಾಂತಕುಮಾರ ಒಬ್ಬನೇ. ಸಲಿಕೆ ಹಿಡಿದವರು ಅವನನ್ನೇ ನೋಡುತ್ತ ನಿಂತರು.

ಪಾರಮ್ಮ ಬಗ್ಗಿ ಇನ್ನೊಂದು ಹಿಡಿ ತೆಗೆದು ಅವನ ಮುಂದೆ ಚಾಚಿದಳು.

“ಬಲಗೈ ಕೊಡ್ರಿ.”

“ಅಮ್ಮಾ, ನಾ ಡ್ಯೂಟಿ ಮ್ಯಾಲೆ...”

“ಬಲಗೈ ಕೊಡ್ರಿ ಅಂದೆ.”

ಅಷ್ಟು ಜನರ ಕಣ್ಣಿನ ಕೆಳಗೆ ಶಾಂತಕುಮಾರ ಫೋನನ್ನು ಎಡಗೈಗೆ ದಾಟಿಸಿದ. ಅವಳು ಅವನ ಬಲ ಅಂಗೈಯಲ್ಲಿ ಮಣ್ಣಿಟ್ಟು, ಬೆರಳುಗಳನ್ನು ತಾನೇ ಮಡಚಿದಳು. ಆಗಲೇ ಫೋನು ಹೊಡೆದುಕೊಳ್ಳತೊಡಗಿತು. ಮೇಲಿನವರ ಕರೆ. ಅವನು ಫೋನು ನೋಡಿದ, ಕುಣಿ ನೋಡಿದ, ಅವಳ ಮುಖ ನೋಡಿದ. ಕೈ ಮುಂದೆ ಮಾಡಿ ಮುಷ್ಟಿ ಬಿಚ್ಚಿದ. ಒದ್ದೆ ಮಣ್ಣು ಬಿಳಿ ಬಟ್ಟೆಯ ಮೇಲೆ ಧಪ್ಪೆಂದು ಬಿತ್ತು.

ಸಲಿಕೆಗಳು ಎದ್ದವು, ಹಲಗೆ ಮತ್ತೆ ಶುರುವಾಯಿತು. ಫೋನು ಇನ್ನೂ ಹೊಡೆದುಕೊಳ್ಳುತ್ತಲೇ ಇತ್ತು. ಶಾಂತಕುಮಾರ ಕೆಸರಿನ ಬೆರಳಿನಿಂದ ಪರದೆ ಒತ್ತಿದ, ಎಳೆದ, ಅಂಗಿಗೆ ಒರೆಸಿಕೊಂಡು ಮತ್ತೆ ಒತ್ತಿದ. ಗಾಜಿನ ಮೇಲೆ ಮುದುಕಪ್ಪನ ಗದ್ದೆಯ ಮಣ್ಣು ಉದ್ದಕ್ಕೂ ಬಳಿದುಕೊಂಡಿತೇ ಹೊರತು, ಫೋನು ಅವನ ಬೆರಳನ್ನು ಒಪ್ಪಲಿಲ್ಲ.